ಹಕ್ಕಿ ಕೂರದ ಬೀದಿ

ಒಬ್ಬ ಶಿಷ್ಯ ಗುರುವನ್ನು ಕೇಳಿದ:

"ಗುರುಗಳೇ, ಮಠದ ಮುಂದಿನ ಬೀದಿಗೆ ಗಿಡ ಆರಿಸಲು ನನಗೆ ಹೇಳಿದಿರಿ. ಹುಳು ಮುಟ್ಟದ, ಹಕ್ಕಿ ಕೂರದ, ಆರೈಕೆ ಬೇಡದ ಸಸಿಯೊಂದನ್ನು ತಂದೆ. ನೀವು ಬೇಡವೆಂದಿರಿ. ಯಾರಿಂದಲೂ ಏನನ್ನೂ ಕೇಳದೆ, ಯಾರ ಕೈಗೂ ಸಿಗದೆ ನಿಲ್ಲುವುದು ದೊಡ್ಡ ಗುಣವಲ್ಲವೇ? ನಾನೂ ಹಾಗೆಯೇ ಬಾಳಬೇಕೆಂದಿದ್ದೇನೆ."

ಗುರು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಬೀದಿಮರಗಳನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿಯಿದ್ದ. ಕೆಲಸದಲ್ಲಿ ಪ್ರಾಮಾಣಿಕ. ಅವನ ಕೈಕೆಳಗೆ ಕೊಂಬೆ ಸವರುವ ಒಬ್ಬ ಮುದುಕನಿದ್ದ. ಅಧಿಕಾರಿಯ ಮನೆಯಲ್ಲಿ ಕಣ್ಣು ಕಾಣದ ತಾಯಿ. ಆಕೆ ದಿನವೂ ಬೆಳಿಗ್ಗೆ ಒಬ್ಬಳೇ ಬೀದಿಯ ತುದಿಯಲ್ಲಿದ್ದ ತನ್ನ ತಂಗಿಯ ಮನೆಗೆ ಹೋಗಿ ಬರುತ್ತಿದ್ದಳು. ದಾರಿ ತೋರಿಸಲು ಯಾರೂ ಬೇಕಿರಲಿಲ್ಲ. ಗೊರವಂಕಗಳು ಜಗಳವಾಡುವಲ್ಲಿ ಅತ್ತಿಮರ. ಜೇನು ಗುಂಯ್‌ಗುಟ್ಟುವಲ್ಲಿ ಹೊಂಗೆ. ಗಿಳಿಗಳು ಕಚ್ಚಿ ಬೀಳಿಸಿದ ಹಣ್ಣು ಕಾಲಿಗೆ ಸಿಕ್ಕರೆ ಅದು ನೇರಳೆ. ಅದರ ಎಡಕ್ಕೆ ತಂಗಿಯ ಬಾಗಿಲು.

ಅಧಿಕಾರಿಗೆ ದಿನಬೆಳಗಾದರೆ ಈ ಮರಗಳ ಮೇಲೆಯೇ ದೂರು. ಹಣ್ಣು ಬಿದ್ದು ಅಂಗಳ ಗಲೀಜಾಯಿತು, ಹಕ್ಕಿಯ ಹಿಕ್ಕೆ ಬಿದ್ದು ಬಟ್ಟೆ ಹಾಳಾಯಿತು, ಕಂಬಳಿಹುಳು ಮೈಮೇಲೆ ಬಿತ್ತು. ಅವನು ಬೇಸತ್ತಿದ್ದ ಕಾಲಕ್ಕೆ ಒಬ್ಬ ವರ್ತಕ ದೂರದೇಶದ ಸಸಿಗಳನ್ನು ತಂದ.

"ಮೂರು ವರ್ಷಕ್ಕೆ ಮಾಳಿಗೆ ಮುಟ್ಟುತ್ತದೆ. ವರ್ಷವಿಡೀ ಹೂ. ದನ ತಿನ್ನುವುದಿಲ್ಲ, ಹುಳು ಹತ್ತುವುದಿಲ್ಲ. ನೆಟ್ಟು ಮರೆತುಬಿಡಿ," ಎಂದ ವರ್ತಕ.

"ಮರೆಯುವುದಕ್ಕೇ ಆದರೆ ನೆಡುವುದು ಯಾಕೆ ಸ್ವಾಮಿ?" ಎಂದ ಮುದುಕ.

ಅಧಿಕಾರಿ ನಕ್ಕುಬಿಟ್ಟ. ಹಳೆಯ ಮರಗಳು ಒಂದೊಂದಾಗಿ ಉರುಳಿದವು. ಮುದುಕ ತನ್ನ ಮಚ್ಚನ್ನು ಕಚೇರಿಯ ಹೊಸ್ತಿಲ ಬಳಿ ಇಟ್ಟು ಹೊರಟುಹೋದ.

ವರ್ತಕ ಸುಳ್ಳು ಹೇಳಿರಲಿಲ್ಲ. ಮೂರನೆಯ ವರ್ಷಕ್ಕೆ ಬೀದಿಬೀದಿಯೂ ಹಳದಿ ಹೂವಿನಿಂದ ತುಂಬಿತು. ದೂರುಗಳು ನಿಂತವು. ಯಾರೂ ನೆಡದ ಕಡೆಯಲ್ಲೂ ಸಸಿಗಳು ಎದ್ದವು: ಚರಂಡಿಯಲ್ಲಿ, ಗೋಡೆಯ ಬಿರುಕಿನಲ್ಲಿ, ಬೀಗ ಹಾಕಿದ ಮನೆಗಳ ಒಳಗೆ. ಉದುರಿದ ಎಲೆಗಳು ಕೊಳೆಯಲಿಲ್ಲ. ಹೋದ ವರ್ಷದ ಎಲೆಯೂ ನಿನ್ನೆಯ ಎಲೆಯೂ ಒಂದೇ ಬಣ್ಣದಲ್ಲಿ ಬಿದ್ದಿದ್ದವು.

ಜನ ಬೆಳಿಗ್ಗೆ ತಡವಾಗಿ ಏಳತೊಡಗಿದರು. ಮಾತಾಡುವಾಗ ದನಿ ತಗ್ಗಿಸತೊಡಗಿದರು, ಸಾವಿನ ಮನೆಯಲ್ಲಿ ತಗ್ಗಿಸುವ ಹಾಗೆ. ಏಕೆಂದು ಒಬ್ಬರೂ ಕೇಳಲಿಲ್ಲ. ತಾಯಿ ಹೊರಗೆ ಹೋಗುವುದನ್ನು ಬಿಟ್ಟಳು. ಮಂಡಿನೋವಿರಬೇಕೆಂದು ಮಗ ಎಣ್ಣೆ ತಂದುಕೊಟ್ಟ.

ಒಂದು ಮಧ್ಯಾಹ್ನ ಅವನು ಊಟಕ್ಕೆ ಬಂದಾಗ ತಾಯಿ ಮನೆಯಲ್ಲಿರಲಿಲ್ಲ. ತಂಗಿಯನ್ನು ನೋಡಬೇಕೆನ್ನಿಸಿ ಬೆಳಿಗ್ಗೆಯೇ ಹೊರಟಳೆಂದು ಪಕ್ಕದ ಮನೆಯವರು ಹೇಳಿದರು. ಚಿಕ್ಕಮ್ಮನ ಮನೆಗೆ ಓಡಿದ. ಅಲ್ಲಿಗೆ ಆಕೆ ಬಂದೇ ಇರಲಿಲ್ಲ. ಬೀದಿ ಬೀದಿ ಹುಡುಕಿದ. ಏಳನೆಯ ಬೀದಿಯಲ್ಲಿ, ಅಂಥದೇ ಒಂದು ಮರದ ಕೆಳಗೆ, ಕಾಂಡವನ್ನು ಎರಡೂ ಕೈಯಿಂದ ಹಿಡಿದು ತಾಯಿ ನಿಂತಿದ್ದಳು.

"ನಾನು ಎಲ್ಲಿಗೆ ಬಂದುಬಿಟ್ಟೆ, ಮಗಾ?"

"ನಮ್ಮ ಊರಲ್ಲೇ ಇದ್ದೀಯಮ್ಮ."

"ಸುಳ್ಳು ಹೇಳಬೇಡ. ಬೆಳಿಗ್ಗೆಯಿಂದ ನಡೆದಿದ್ದೇನೆ. ಮನುಷ್ಯರ ಪಿಸುಮಾತು ಬಿಟ್ಟರೆ ಇನ್ನೊಂದು ಜೀವದ ಸದ್ದಿಲ್ಲ. ನಾನು ಸತ್ತಿದ್ದರೆ ಸತ್ತಿದ್ದೀಯೆಂದು ಹೇಳಿಬಿಡು. ಹೆದರುವುದಿಲ್ಲ."

ಅವನು ತಲೆಯೆತ್ತಿ ನೋಡಿದ. ಕೊಂಬೆಯ ತುಂಬ ಹೂ. ಒಂದು ದುಂಬಿಯೂ ಇಲ್ಲ. ಕೊಂಬೆ ಬಗ್ಗಿಸಿ ಎಲೆಗಳನ್ನು ತಿರುಗಿಸಿ ನೋಡಿದ. ಯಾವ ಎಲೆಯಲ್ಲೂ ಒಂದು ತೂತೂ ಇರಲಿಲ್ಲ. ತಾಯಿಯ ಕೈ ಹಿಡಿದು ಏಳು ಬೀದಿ ಹಿಂದಕ್ಕೆ ನಡೆದ. ದಾರಿಯುದ್ದಕ್ಕೂ ಒಂದೊಂದು ಮರವನ್ನೂ ನೋಡಿದ. ಗೂಡಿಲ್ಲ, ಜೇಡನ ಬಲೆಯಿಲ್ಲ, ಕಾಂಡದ ಮೇಲೆ ಒಂದು ಇರುವೆಯೂ ಇಲ್ಲ. ಕಾಲಡಿಯಲ್ಲಿ ಹಳೆಯ ಎಲೆಗಳು ಕಟಕಟ ಎನ್ನುತ್ತಿದ್ದವು. ಯಾರೋ ಊರನ್ನು ಎತ್ತಿಕೊಂಡು ಹೋಗಿ, ಅದರಂತೆಯೇ ಕಾಣುವ ಇನ್ನೊಂದನ್ನು ಅಲ್ಲಿಟ್ಟಿದ್ದಾರೆ ಎಂದು ಅವನಿಗೆ ಅನ್ನಿಸಿತು.

ಮರುದಿನ ಅವನು ಮುದುಕನ ಮನೆಗೆ ಹೋಗಿ ಬಾಗಿಲಲ್ಲಿ ನಿಂತ. ಮುದುಕ ಹಾರೆ ಎತ್ತಿಕೊಂಡು ಜೊತೆಗೆ ಬಂದ. ಅಧಿಕಾರಿಯ ಮನೆ ಮುಂದಿನ ಮರವನ್ನು ಇಬ್ಬರೂ ಬೇರುಸಹಿತ ಅಗೆದು ತೆಗೆದರು. ಬುಡ ಉಳಿದರೆ ಮತ್ತೆ ಚಿಗುರುತ್ತದೆ ಎಂದ ಮುದುಕ. ಸುತ್ತಲಿನ ಸಿಮೆಂಟು ಒಡೆದು, ಮಣ್ಣಿಗೆ ನೀರು ಇಳಿಯುವಷ್ಟು ಜಾಗ ಬಿಟ್ಟು, ಒಂದು ಹೊಂಗೆಯ ಸಸಿ ನೆಟ್ಟರು. ಗಾಳಿಗೆ ಬಾಗದಂತೆ ಗೂಟಕ್ಕೆ ಕಟ್ಟಿದರು.

ಮೊದಲ ವರ್ಷ ಸಸಿಯ ಸುತ್ತ ದಿನವೂ ಹಳದಿ ಹೂವಿನ ಮರದ ಮರಿಗಳು ಏಳುತ್ತಿದ್ದವು. ಕಚೇರಿಗೆ ಹೋಗುವ ಮೊದಲು ಅಧಿಕಾರಿ ಕೂತು ಅವನ್ನು ಕೀಳುತ್ತಿದ್ದ. ಸಂಜೆಗೆ ಮತ್ತೆರಡು ಎದ್ದಿರುತ್ತಿದ್ದವು. ಬೀದಿಯವರು ಇವನಿಗೇನೋ ಆಗಿದೆ ಎಂದರು. ತಾಯಿ ಹೊಸ್ತಿಲಲ್ಲಿ ಕೂತಿರುತ್ತಿದ್ದಳು. ಆಕೆಯ ಮಾತು ತೀರ ಕಡಿಮೆಯಾಗಿತ್ತು. ಮುದುಕ ವಾರಕ್ಕೊಮ್ಮೆ ಬಂದು ಕಟ್ಟು ಸಡಿಲಿಸಿ, ಒಣಗಿದ ಕಡ್ಡಿ ಮುರಿದು ಹೋಗುತ್ತಿದ್ದ. ಮೂರನೆಯ ಮಳೆಗಾಲದಲ್ಲಿ ಅವನು ತೀರಿಕೊಂಡ.

ಐದನೆಯ ಬೇಸಿಗೆಯ ಒಂದು ಬೆಳಿಗ್ಗೆ ತಾಯಿ ತಟ್ಟನೆ ತಲೆಯೆತ್ತಿದಳು.

"ಯಾರೋ ಬಂದಿದ್ದಾರೆ, ನೋಡು ಮಗಾ."

ಅವನು ಹೊರಗೆ ಬಂದ. ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಹೊಂಗೆಯಲ್ಲಿ ಮೊದಲ ಗೊಂಚಲು ಅರಳಿತ್ತು. ಅದರ ಮೇಲೆ ಒಂದೇ ಒಂದು ಜೇನ್ನೊಣ ಕೂತಿತ್ತು.

"ಹೌದಮ್ಮ," ಎಂದ.

"ಸುಮ್ಮನೆ ನಿಂತಿದ್ದೀಯಲ್ಲ, ನೀರು ಕೊಡು," ಎಂದಳು ತಾಯಿ.

ಅವನು ಬಿಂದಿಗೆ ತುಂಬಿ ತಂದು ಗಿಡದ ಬುಡಕ್ಕೆ ಸುರಿದ.

ಗುರು ಕತೆ ಮುಗಿಸಿದರು. ಶಿಷ್ಯ ಎದ್ದು ನಿಂತ. "ತಿಳಿಯಿತು ಗುರುಗಳೇ. ಈ ಸಸಿಯನ್ನು ಹಿಂದಿರುಗಿಸಿ ಹೊಂಗೆಯನ್ನೇ ತರುತ್ತೇನೆ," ಎಂದ.

ಗುರು ಕೇಳಿದರು: "ಗಿಡದ ಮಾತು ಮುಗಿಯಿತು. ನೀನೂ ಹಾಗೆಯೇ ಬಾಳಬೇಕೆಂದೆಯಲ್ಲ, ನಿನ್ನನ್ನು ಹುಡುಕಿಕೊಂಡು ಕೊನೆಯ ಸಲ ಬಂದವರು ಯಾರು?"

ಎದ್ದು ನಿಂತಿದ್ದ ಶಿಷ್ಯ ಮತ್ತೆ ಗುರುವಿನ ಹತ್ತಿರ ಕೂತ.