ಸೂಜಿಯ ಸಂದರ್ಶನ

ದೇವರ ದಯೆ ಯಾವ ದಾರಿಯಿಂದ ಬರುತ್ತದೆಂದು ಯಾರು ಬಲ್ಲರು? ಗದಗಿನ ಶಾಂಭವಿ ನರ್ಸಿಂಗ್ ಮುಗಿಸಿ ಕೆಲಸ ಕೇಳಿದಲ್ಲೆಲ್ಲ, ಅನುಭವವಿಲ್ಲವೆಂದು ತಿರುಗಿ ಕಳಿಸಿದ್ದರು. ಉಳಿದದ್ದು ರುದ್ರಗೌಡರ ಆಸ್ಪತ್ರೆ ಒಂದೇ.

ಗೌಡರು ತಮ್ಮ ವಿಟಮಿನ್ ಇಂಜೆಕ್ಷನ್ ಮೇಜಿನ ಮೇಲಿಟ್ಟು, ಅಂಗಿಯ ತೋಳು ಮಡಚಿದರು. "ಚುಚ್ಚಿದ್ದು ನನಗ ಗೊತ್ತಾದ್ರ ನೌಕರಿ ಇಲ್ಲ, ನೋಡವ್ವ!"

ಶಾಂಭವಿ ಮನದಲ್ಲೇ ದೇವರನ್ನು ನೆನೆದಳು. ತೋಳು ಒರೆಸುತ್ತ ಕೇಳಿದಳು, "ಸಾಹೇಬ್ರ, ಇಷ್ಟು ದೊಡ್ಡ ಆಸ್ಪತ್ರೆ ಹೆಂಗ ಕಟ್ಟಿದ್ರಿ?"

ಗೌಡರ ಮುಖ ಅರಳಿತು. ಅಡಿಗಲ್ಲಿನಿಂದ ಕಥೆ ಶುರುಮಾಡಿದವರಿಗೆ ಎರಡನೇ ಮಹಡಿಗೆ ಬಂದಾಗ ಪರೀಕ್ಷೆ ನೆನಪಾಯಿತು. "ಮಾತು ಸಾಕು, ಚುಚ್ಚವ್ವ!"

"ಆಗಲೇ ಆತ್ರಿ. ಹತ್ತಿ ನೀವ ಒತ್ತಿ ಹಿಡ್ಕೊಂಡೀರಲ್ರಿ."

ಗೌಡರು ಹತ್ತಿ ನೋಡಿದರು, ತೋಳು ನೋಡಿದರು, ಗಹಗಹಿಸಿ ನಕ್ಕರು. "ನಾಳಿಂದ ಬಾ. ಆದ್ರ ಮೂರನೇ ಮಹಡಿ ಕಥಿ ಕೇಳಲೇ ಇಲ್ಲಲ್ಲ?"

"ಅದು ಮುಂದಿನ ಇಂಜೆಕ್ಷನ್ನಿಗಿರಲಿ ಬಿಡ್ರಿ, ಸಾಹೇಬ್ರ."