ಅರಸರ ಷರಾಯಿಯ ಅಂಚು

ಬಿಳಿಗುಡ್ಡದ ಅರಸ ಚಂದ್ರಭೂಪತಿಗಳಿಗೆ ಒಂದು ಹೆಮ್ಮೆಯಿತ್ತು. ತಮ್ಮ ವಂಶದವರು ಯಾರ ಮುಂದೆಯೂ ತಲೆ ತಗ್ಗಿಸಿದವರಲ್ಲ ಎಂದು ಅವರು ಊಟಕ್ಕೆ ಮುಂಚೆ ಒಮ್ಮೆ, ಊಟವಾದ ಮೇಲೆ ಒಮ್ಮೆ ಹೇಳುತ್ತಿದ್ದರು. ಮಾತು ಸುಳ್ಳಾಗಬಾರದೆಂದು ಅರಮನೆಯ ಬಾಗಿಲುಗಳನ್ನೆಲ್ಲ ಒಡೆಸಿ ಎತ್ತರ ಮಾಡಿಸಿದ್ದರು. ದೇವರ ಕೋಣೆಯಲ್ಲಿ ದೇವರನ್ನೂ ಕಟ್ಟೆ ಕಟ್ಟಿಸಿ ತಮ್ಮ ಕಣ್ಣಿನ ಮಟ್ಟಕ್ಕೆ ಏರಿಸಿದ್ದರು. ದೇವರು ಏನೂ ಅನ್ನಲಿಲ್ಲ. ಅರ್ಚಕರು ಮಾತ್ರ ದಿನಾ ಏಣಿ ಹತ್ತಿ ಹೂವೇರಿಸಬೇಕಾಯಿತು.

ಇಂಥವರಿಗೆ ಇಂಗ್ಲಿಷ್ ದೊರೆಗಳ ಬಂಗಲೆಯಿಂದ ಕರೆ ಬಂತು. ಸುತ್ತಲಿನ ಅರಸರೆಲ್ಲ ಸೇರುತ್ತಾರೆ, ಫೋಟೋ ತೆಗೆಯುತ್ತಾರೆ. ಪಕ್ಕದ ಸಂಸ್ಥಾನದವನು ಷರಾಯಿ ತೊಟ್ಟು ಬರುತ್ತಾನಂತೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ನಮ್ಮ ಅರಸರಿಗೂ ಪಂಚೆ ಚುಚ್ಚತೊಡಗಿತು. ಪೇಟೆಯಿಂದ ವಿಠೋಬ ಸಿಂಪಿಯನ್ನು ಕರೆಸಿದರು.

ಬಟ್ಟೆ ಸೊಗಸಾಗಿತ್ತು, ಸೊಂಟ ಸರಿಯಾಗಿ ಕೂತಿತ್ತು. ಉಳಿದದ್ದು ಕಾಲಿನ ಅಂಚೊಂದೇ. ಅದನ್ನು ಹೇಗೆ ಮಡಿಸಲಿ ಎಂದು ವಿಠೋಬ ಕೇಳಿದ್ದೇ ತಪ್ಪಾಯಿತು. ಹೊರಕ್ಕೆ ಪಟ್ಟಿಯಾಗಿ ಮಡಿಸಬೇಕು ಎಂದರು ದಿವಾನರು. ಅವರು ಒಮ್ಮೆ ಮದರಾಸು ನೋಡಿ ಬಂದವರು. ಕುದುರೆ ಹತ್ತುವಾಗ ಪಟ್ಟಿ ಸಿಕ್ಕಿಕೊಳ್ಳುತ್ತದೆ, ಒಳಮಡಿಕೆಯೇ ಸರಿ ಎಂದ ದಳವಾಯಿ. ಅವನು ಕುದುರೆ ಹತ್ತಿ ವರ್ಷಗಳಾಗಿದ್ದವು. ಏನಾದರಾಗಲಿ ಬೂಟು ಚೆನ್ನಾಗಿ ಕಾಣಬೇಕು ಎಂದ ರಾಣಿಯ ತಮ್ಮ. ಬೂಟು ಅವನು ಕೊಟ್ಟ ಉಡುಗೊರೆ.

ಕೊನೆಗೆ ಅರಸರೇ ತೀರ್ಮಾನ ಕೊಟ್ಟರು. ಒಳಮಡಿಕೆ ಇರಲಿ, ಅಂಚು ಬೂಟನ್ನು ಮುಟ್ಟಿಯೂ ಮುಟ್ಟದ ಹಾಗಿರಲಿ. ವಿಠೋಬ ಸೀಮೆಸುಣ್ಣದಿಂದ ಗುರುತು ಹಾಕಿ, ಕಚ್ಚಾ ಹೊಲಿಗೆ ಹಾಕಿದ. ಅರಸರು ಕೆಳಗೆ ನೋಡಿದರು. ಉದ್ದವಾಯಿತು, ಬೂಟಿನ ಮೇಲೆ ಮುದ್ದೆಯಾಗಿ ಬಿದ್ದಿದೆ ಎಂದರು. ಅವನು ಮೇಲಕ್ಕೆ ಮಡಿಸಿದ. ಅರಸರು ಎದೆಯುಬ್ಬಿಸಿ ನಿಲುವುಗನ್ನಡಿಯ ಮುಂದೆ ನಿಂತರು. ಕಾಲುಚೀಲ ಇಣುಕುತ್ತಿತ್ತು. ಗಿಡ್ಡ ಮಾಡಿಬಿಟ್ಟೆ ಎಂದರು. ಅವನು ಇಳಿಸಿದ. ಅವರು ಕೆಳಗೆ ನೋಡಿದರು. ಮತ್ತೆ ಉದ್ದ. ದೀಪ ಹಚ್ಚುವವರೆಗೂ ಹೀಗೇ ನಡೆಯಿತು. ಕೊನೆಗೆ ಅರಸರ ಮೂಗು ಕೆಂಪಾಯಿತು.

"ಹೀಗೆ ನೋಡಿದರೂ ಸರಿಯಿರಬೇಕು, ಹಾಗೆ ನೋಡಿದರೂ ಸರಿಯಿರಬೇಕು. ನಾಳೆ ಸಭೆಯಲ್ಲಿ ಇದು ಆಗದಿದ್ದರೆ ಕತ್ತರಿ ಇಲ್ಲೇ ಬಿಟ್ಟು ಊರು ಬಿಡು."

ಇದನ್ನೆಲ್ಲ ಎಲೆಯಡಿಕೆ ತಟ್ಟೆ ಹಿಡಿದು ಮೂಲೆಯಲ್ಲಿ ನೋಡುತ್ತಿದ್ದವನು ಬೊಮ್ಮರಸ. ಅರಸರಿಗೆ ವೀಳ್ಯ ಕೊಡುವುದು, ಅದರ ಜೊತೆಗೆ ಒಂದು ಮಾತು ಕೊಡುವುದು, ಇಷ್ಟೇ ಅವನ ಕೆಲಸ. ಅವನು ಹೊರಗೆ ಬಂದಾಗ ವಿಠೋಬ ಜಗಲಿಯ ಮೇಲೆ ಅಪ್ಪನ ಕಾಲದ ಕತ್ತರಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಗುರುತು ಹಾಕಿದ ಕಡೆಗೇ ಮಡಿಸುತ್ತಿದ್ದೇನೆ ಬುದ್ಧೀ. ಅವರು ನೋಡಿದ ಕೂಡಲೇ ಅದು ಜಾರುತ್ತದೆ."

ಬೊಮ್ಮರಸನಿಗೆ ಗುಟ್ಟು ಆಗಲೇ ಹೊಳೆದಿತ್ತು. ಅಂಚು ನೋಡಲು ಅರಸರು ಬಗ್ಗುತ್ತಾರೆ, ಬಗ್ಗಿದೊಡನೆ ಷರಾಯಿ ಮುಂದಕ್ಕೆ ಕುಸಿಯುತ್ತದೆ. ನೆಟ್ಟಗಾದರೆ ಮೇಲೇರುತ್ತದೆ. ಇದನ್ನು ಬಾಯಿಬಿಟ್ಟು ಹೇಳಬಹುದಿತ್ತು. ಆದರೆ ಹಿಂದೆ ಒಮ್ಮೆ 'ನೆಟ್ಟಗೆ ನಿಲ್ಲಿ ಸ್ವಾಮಿ' ಎಂದಿದ್ದ ಗರಡಿಯ ಉಸ್ತಾದರು ಈಗ ಅರಮನೆಯ ಬಾತುಕೋಳಿ ಮೇಯಿಸುತ್ತಿದ್ದರು.

"ಹಾಕಿದ ಹೊಲಿಗೆಯೆಲ್ಲ ಬಿಚ್ಚಿಡು. ನಾಳೆ ಸೂಜಿ ತಾ, ಸುಣ್ಣ ತಾ. ಬಾಯಿ ಮಾತ್ರ ಮನೆಯಲ್ಲಿ ಬಿಟ್ಟು ಬಾ," ಎಂದ ಬೊಮ್ಮರಸ.

ಮರುದಿನ ತುಂಬಿದ ಸಭೆ. ಅರಸರು ಅಂಚಿಲ್ಲದ ಷರಾಯಿ ತೊಟ್ಟು ಬಂದು ಸಿಂಹಾಸನದ ಪಕ್ಕದಲ್ಲಿ ನಿಂತರು. ಬೊಮ್ಮರಸ ಸಾವಿನ ಮನೆಗೆ ಬಂದವನಂಥ ಮುಖ ಹೊತ್ತಿದ್ದ. ಏನಾಯಿತು ಎಂದು ಅರಸರು ಕೇಳಿದರು.

"ಹೇಳಲು ನಾಲಿಗೆ ಬರುತ್ತಿಲ್ಲ ಮಹಾಸ್ವಾಮಿ. ನಿನ್ನೆ ತಾವು ತಲೆ ತಗ್ಗಿಸಿದ್ದನ್ನು ಈ ಕಣ್ಣಾರೆ ಕಂಡೆ. ಒಂದು ಸಲವಲ್ಲ, ಸಂಜೆಯವರೆಗೂ."

ಅರಸರ ದನಿ ತಣ್ಣಗಿತ್ತು.

"ನನ್ನ ತಲೆ ತಗ್ಗಿಸಿದವನು ಯಾರಾದರೂ ಇದ್ದರೆ ತೋರಿಸು, ಈ ಸಿಂಹಾಸನ ಅವನದು. ತೋರಿಸದಿದ್ದರೆ ನಿನ್ನ ತಲೆ ನನ್ನದು."

ಎಲ್ಲರೂ ಕೇಳಿಸಿಕೊಂಡಿರಾ ಎಂದು ಬೊಮ್ಮರಸ ದಿವಾನರತ್ತ ತಿರುಗಿ ವಿಚಾರಿಸಿದ. ಅವರು ಹೂಂಗುಟ್ಟಿದರು.

"ಹಾಗಾದರೆ ತಮ್ಮ ಷರಾಯಿಯನ್ನು ಸಿಂಹಾಸನದ ಮೇಲೆ ಕೂರಿಸೋಣವಾಗಲಿ, ಮಹಾಸ್ವಾಮಿ."

ಅರಸರ ಕುತ್ತಿಗೆ ಷರಾಯಿಯ ಕಡೆಗೆ ಹೊರಟಿತು. ಅರ್ಧದಾರಿಯಲ್ಲಿ ಅವರಿಗೆ ಅರ್ಥವಾಯಿತು. ಇಡೀ ಸಭೆ ಆ ಕುತ್ತಿಗೆಯನ್ನೇ ನೋಡುತ್ತಿತ್ತು. ಅವರು ಮೆಲ್ಲನೆ ತಲೆಯೆತ್ತಿ, ಎದುರು ಗೋಡೆಯ ಮೇಲಿದ್ದ ಮುತ್ತಜ್ಜನ ಚಿತ್ರದ ಮೇಲೆ ದೃಷ್ಟಿ ನೆಟ್ಟು, ಕಂಬದ ಹಾಗೆ ನಿಂತರು.

ಬೊಮ್ಮರಸ ಕಣ್ಣು ಮಿಟುಕಿಸಿದ. ವಿಠೋಬ ಮಂಡಿಯೂರಿ ಗುರುತು ಹಾಕಿದ, ಮಡಿಸಿದ, ಹೊಲಿದ. ನಡುವೆ ಅರಸರ ಕಣ್ಣು ಕೆಳಗೆ ಜಾರಿದಾಗಲೆಲ್ಲ ಬೊಮ್ಮರಸ ಸಿಂಹಾಸನದ ದಿಂಬಿನ ಧೂಳು ಕೊಡವುತ್ತಿದ್ದ, ಯಾರೋ ನೆಂಟರು ಬಂದು ಕೂರುವವರಿದ್ದಾರೆ ಎಂಬಂತೆ.

ಕನ್ನಡಿ ಹೊತ್ತು ತಂದರು. ಅಂಚು ಬೂಟನ್ನು ಮುಟ್ಟಿಯೂ ಮುಟ್ಟದ ಹಾಗೆ ನಿಂತಿತ್ತು. ಅರಸರ ಮೀಸೆಯ ಕೆಳಗೆ ಏನೋ ಅಲುಗಾಡಿತು.

"ಸರಿ ಕಣಯ್ಯ. ನಾನು ನೋಡದಿದ್ದರೆ ಇದು ಸರಿಯಿರುತ್ತದೆ. ಆದರೆ ದೊರೆಗಳ ಬಂಗಲೆಗೆ ಕನ್ನಡಿ ಹೊತ್ತು ಹೋಗಲಾದೀತೇ? ಅಲ್ಲಿ ಸರಿಯಿದೆಯೋ ಇಲ್ಲವೋ ನನಗೆ ತಿಳಿಯುವುದು ಹೇಗೆ?"

"ನಾವಿದ್ದೇವಲ್ಲ ಸ್ವಾಮಿ, ಹಗಲೆಲ್ಲ ಬಗ್ಗಿಕೊಂಡೇ ಇರುವವರು. ತಮ್ಮ ಮುಖಕ್ಕಿಂತ ಆ ಅಂಚಿನ ಪರಿಚಯವೇ ನಮಗೆ ಹೆಚ್ಚು," ಎಂದ ಬೊಮ್ಮರಸ.

ಅರಸರು ಹೊಟ್ಟೆ ಹಿಡಿದು ನಕ್ಕರು. ನಗುವುದು ಕ್ಷೇಮವೆಂದು ಖಾತ್ರಿಯಾದ ಮೇಲೆ ಸಭೆಯೂ ನಕ್ಕಿತು. ಕೊಟ್ಟ ಮಾತಿನಂತೆ ಸಿಂಹಾಸನ ಷರಾಯಿಗೇ ಇರಲಿ, ಅದು ಕೂರುವಾಗ ಒಳಗೆ ನಾನಿರುತ್ತೇನೆ ಎಂದರು ಅರಸರು. ವಿಠೋಬನಿಗೆ ಶಾಲು ಹೊದಿಸಿದರು. ಅವನು ಕತ್ತರಿಯನ್ನು ಕಣ್ಣಿಗೊತ್ತಿಕೊಂಡು, ಪಕ್ಕಾ ಹೊಲಿಗೆ ಹಾಕುವಾಗ ಒಳಗೆ ನಾಲ್ಕು ಬೆರಳು ಬಟ್ಟೆ ಹಾಗೇ ಉಳಿಸಿಕೊಂಡ. ಅರಸರ ಕುತ್ತಿಗೆಯನ್ನು ಅವನು ಇನ್ನೂ ಪೂರ್ತಿ ನಂಬಿರಲಿಲ್ಲ.

ಮಿಕ್ಕ ಬಟ್ಟೆಯಲ್ಲಿ ಬೊಮ್ಮರಸನಿಗೂ ಒಂದು ಷರಾಯಿ ಹೊಲಿದುಕೊಡು ಎಂದು ಅಪ್ಪಣೆಯಾಯಿತು. ಬೊಮ್ಮರಸ ಕೈಮುಗಿದು ಹಿಂದೆ ಸರಿದ.

"ನನಗೆ ಪಂಚೆಯೇ ಇರಲಿ ಮಹಾಸ್ವಾಮಿ. ಷರಾಯಿಗೆ ಅಳತೆ ಕೊಡಬೇಕಾದರೆ ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಬೇಕು. ಈ ಅರಮನೆಯಲ್ಲಿ ಆ ಉದ್ಯೋಗ ತಮ್ಮೊಬ್ಬರದೇ."