ಬೂಷ್ಟಿನ ಗುರುತು ಹಿಡಿಯುವ ಓತಿಕ್ಯಾತ

ಕಾಡಿನಲ್ಲಿ ಬೂಷ್ಟು ಎಲ್ಲಿ ಬಂತು, ಯಾವಾಗ ಬಂತು ಎಂದು ನೋಡಿ ಗುರುತಿಟ್ಟುಕೊಳ್ಳುವುದು ಒಂದು ಓತಿಕ್ಯಾತನ ಕೆಲಸ. ಅದಕ್ಕೊಂದು ಕಟ್ಟಳೆ ಬೇರೆ. ಬಸವನಹುಳು ಬಂದು ನೋಡಿ ಸಾಕ್ಷಿಯಾಗುವವರೆಗೆ ಬೂಷ್ಟನ್ನು ಯಾರೂ ಮುಟ್ಟಬಾರದು.

ಸಗಣಿಹುಳದ ಹೆಂಡತಿ ತೀರಿಹೋಗಿದ್ದಳು. ನೆಲ ಗಟ್ಟಿ. ಗುಂಡಿ ತೋಡಿ ಬರುವಷ್ಟರಲ್ಲಿ ಅವಳ ಮೈಮೇಲೆ ಬಿಳಿ ಬೂಷ್ಟು ಬಂದಿತ್ತು. ಪಕ್ಕದಲ್ಲಿ ಓತಿಕ್ಯಾತ ಕೂತಿತ್ತು.

"ಮುಟ್ಟಬೇಡ! ಅತ್ತಿಮರದ ಬುಡ, ಬೆಳಗಿನ ಹೊತ್ತು, ಬಿಳಿ ಬೂಷ್ಟು. ಇಂಥದ್ದು ಈ ಕಡೆ ಸಿಕ್ಕೇ ಇರಲಿಲ್ಲ."

"ಅದರ ಕೆಳಗಿರೋದು ನನ್ನ ಹೆಂಡತಿ, ಸ್ವಾಮಿ."

"ಇರಲಿ. ಕೆಳಗೇನಿದೆ ಅನ್ನೋದು ನಮ್ಮ ಕೆಲಸಕ್ಕೆ ಬರೋದಿಲ್ಲ. ಬಸವನಹುಳು ಹೊರಟಿದೆ, ನಾಳಿದ್ದು ಬರುತ್ತೆ."

"ಅಷ್ಟರಲ್ಲಿ ಇರುವೆಗಳು ಅವಳನ್ನ ಎಳಕೊಂಡು ಹೋಗ್ತಾವೆ."

"ಎಳೆಯಲಿ. ಬೂಷ್ಟು ಉದುರದಂತೆ ಎಳೆಯೋಕೆ ಹೇಳ್ತೀನಿ."

ಸಗಣಿಹುಳ ಓತಿಕ್ಯಾತನನ್ನು ದಿಟ್ಟಿಸಿ ನೋಡಿತು.

"ನಿನ್ನ ಮನೇಲಿ ಯಾರೂ ಸತ್ತಿಲ್ವೇನೋ?"

"ಸತ್ತಿದ್ದಾರೆ. ಅವರ ಮೇಲೆ ಬೂಷ್ಟು ಬರಲಿಲ್ಲ."

ಹುಳ ಹೆಂಡತಿಯನ್ನು ಮೆಲ್ಲಗೆ ಗುಂಡಿಗಿಳಿಸಿತು. ತಿರುಗಿ ನಿಂತು ಹಿಂಗಾಲಲ್ಲಿ ಮಣ್ಣು ತಳ್ಳತೊಡಗಿತು.

"ಅಯ್ಯೋ, ಸಾಕ್ಷಿ ಇಲ್ಲದೆ ನನ್ನ ಮಾತು ಯಾರು ನಂಬ್ತಾರೆ? ಎಷ್ಟು ಆಳಕ್ಕೆ ಹಾಕಿದೆ ಅಂತಾದರೂ ಹೇಳಯ್ಯ!" ಎನ್ನುತ್ತ ಓತಿಕ್ಯಾತ ಗುಂಡಿಯೊಳಕ್ಕೆ ಬಗ್ಗಿತು.

ಹುಳ ಜಾಡಿಸಿ ಒದ್ದ ಮಣ್ಣು ಅದರ ತೆರೆದ ಬಾಯಿ ತುಂಬ ಬಿತ್ತು.